ಚಿನಕುರಳಿಯ ಚಪ್ಪರ ಮತ್ತು ರಾಕೆಟ್ಟಿನ ಚೂರು

ಆಕಾಶವನ್ನು ಇಷ್ಟಪಡುವವರೆಲ್ಲ ಗಟ್ಟಿ ಎದೆಯವರು ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಇದು ಅಪ್ಪಟ ಸುಳ್ಳು. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ನನ್ನ ಕಾಲು ನಡುಗುತ್ತದೆ. ಕೆಳಗೆ ಸ್ಟೂಲನ್ನು ಹಿಡಿದು ನಿಲ್ಲುವ ನನ್ನ ಹೆಂಡತಿ ಲಲಿತಾ, "ಇಷ್ಟು ಎತ್ತರಕ್ಕೇ ಹೀಗೆ, ಮಾತೆತ್ತಿದರೆ ಚಂದ್ರಲೋಕ" ಎನ್ನುತ್ತಾಳೆ. ಅವಳ ಮಾತು ಸರಿ. ಮೇಲೆ ಹೋಗುವವರನ್ನು ಕಂಡರೆ ನನಗೆ ಭಕ್ತಿ. ಮೇಲಿನಿಂದ ಏನಾದರೂ ಬೀಳುತ್ತದೆಂದರೆ ಭಯ. ಈ ಎರಡೂ ಒಂದೇ ವಾರದಲ್ಲಿ ನನ್ನನ್ನು ಹಿಡಿದುಕೊಂಡ ಕಥೆ ಇದು.

ತೊಂಬತ್ತರ ದಶಕದ ಮಾತು. ನಾಗಮಂಗಲದಿಂದ ವರ್ಗವಾಗಿ ಪಾಂಡವಪುರಕ್ಕೆ ವಿಜ್ಞಾನದ ಮೇಷ್ಟ್ರಾಗಿ ಬಂದಿದ್ದೆ. ಊರಿನಲ್ಲಿ ನನ್ನ ಹಾಗೆಯೇ ರಾಕೆಟ್ಟಿನ ಹುಚ್ಚು ಹಿಡಿದವರು ಇನ್ನಿಬ್ಬರಿದ್ದರು. ಒಬ್ಬರು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಬಾಷಾ ಸಾಹೇಬರು, ಇನ್ನೊಬ್ಬರು ಅಂಚೆ ಕಚೇರಿಯ ಶಿವಣ್ಣ. ಸಂಜೆಯಾದರೆ ಮೂವರೂ ಬಾಷಾ ಸಾಹೇಬರ ಅಂಗಡಿಯಲ್ಲಿ, ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳ ನಡುವೆ ಕೂತು, ಶಾರ್ಟ್‌ವೇವಿನಲ್ಲಿ ದೂರದ ದೇಶಗಳ ಸುದ್ದಿ ಕೇಳುತ್ತಿದ್ದೆವು. ನಮ್ಮ ಸಂಘಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಆದ್ದರಿಂದ ಜಗಳವೂ ಇರಲಿಲ್ಲ.

ಒಂದು ಬುಧವಾರ ಸಂಜೆ ಮೂವರು ಮನುಷ್ಯರನ್ನು ಕೂರಿಸಿಕೊಂಡು ರಾಕೆಟ್ಟೊಂದು ಮೇಲಕ್ಕೆ ಹೋಗುವುದಿತ್ತು. ಮೂವರಲ್ಲಿ ಒಬ್ಬಳು ಹೆಂಗಸು, ಎರಡು ಮಕ್ಕಳ ತಾಯಿ. ಆ ವಿವರ ಕೇಳಿದಾಗಿನಿಂದ ಶಿವಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೇಡಿಯೋದವನು ಹತ್ತರಿಂದ ಕೆಳಕ್ಕೆ ಎಣಿಸಿದ. ಮೂರು ಎಂದ, ಎರಡು ಎಂದ, ಅಷ್ಟರಲ್ಲಿ ಗೊರಗೊರ ಶುರುವಾಗಿ ಸ್ಟೇಷನ್ನೇ ಮಾಯವಾಯಿತು. ಬಾಷಾ ಸಾಹೇಬರು ರೇಡಿಯೋವನ್ನು ಕಿವಿಗೆ ಒತ್ತಿಕೊಂಡರು, ತಟ್ಟಿದರು, ನನ್ನ ಕೈಗೆ ಒಂದು ತಂತಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಹೋದರೋ ಉಳಿದರೋ ತಿಳಿಯದೆ ನಾನು ತಂತಿ ಎತ್ತಿ ಹಿಡಿದುಕೊಂಡು ನಿಂತಿದ್ದೆ. ಮೂರು ಗ್ಲಾಸು ಚಹಾ ಆರಿ ತಣ್ಣಗಾದವು. ಕೊನೆಗೆ ರೇಡಿಯೋದಲ್ಲಿ ಚಪ್ಪಾಳೆ ಕೇಳಿಸಿತು. ರಾಕೆಟ್ಟು ಸುಖವಾಗಿ ಕಕ್ಷೆ ಸೇರಿತ್ತು. ಬಾಷಾ ಸಾಹೇಬರು ಟೋಪಿ ಸರಿಮಾಡಿಕೊಂಡು, "ಯಾ ಅಲ್ಲಾ! ಇನ್ನು ಅವರ ಮನೇವರು ಊಟ ಮಾಡಬಹುದು" ಎಂದರು. ಆಮೇಲೆ ನಾವೂ ಮನೆಗೆ ಹೋಗಿ ಊಟ ಮಾಡಿದೆವು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಶುಕ್ರವಾರದ ಸುದ್ದಿಯಲ್ಲಿ ಇನ್ನೊಂದು ಮಾತು ಬಂತು. ಆ ಮೂವರನ್ನು ಮೇಲಕ್ಕೆ ಬಿಟ್ಟು ಕಳಚಿಕೊಂಡ ರಾಕೆಟ್ಟಿನ ಖಾಲಿ ಭಾಗ ಭೂಮಿಗೆ ವಾಪಸು ಬೀಳಲಿದೆ, ಬಹುಪಾಲು ಗಾಳಿಯಲ್ಲೇ ಉರಿದುಹೋಗುತ್ತದೆ, ಕೆಲವು ಚೂರುಗಳು ಮಾತ್ರ ಉಳಿಯಬಹುದು, ಎಲ್ಲಿ ಬೀಳುತ್ತದೆಂದು ಖಚಿತವಾಗಿ ಹೇಳಲಾಗದು. ಅದು ಸುತ್ತುವ ದಾರಿಯನ್ನೂ ಬೀಳುವ ಹೊತ್ತನ್ನೂ ಅಂದಾಜಾಗಿ ಹೇಳಿದರು. ನಾನು ಒಂದು ಚೀಟಿಯಲ್ಲಿ ಗೀಚಿಕೊಂಡೆ. ಮನೆಗೆ ಬಂದು ಶಾಲೆಯ ಗ್ಲೋಬನ್ನು ಮುಂದಿಟ್ಟುಕೊಂಡು, ಲಲಿತಾಳ ಹೊಲಿಗೆ ಡಬ್ಬಿಯಿಂದ ಕಪ್ಪು ದಾರ ತೆಗೆದು ಆ ದಾರಿಯ ಮೇಲೆ ಎಳೆದು ಹಿಡಿದೆ. ದಾರ ನೇರವಾಗಿ ನಮ್ಮ ತಾಲ್ಲೂಕಿನ ಮೇಲೆ ಹೋಯಿತು! ಗ್ಲೋಬಿನ ಮೇಲೆ ಆ ದಾರದ ದಪ್ಪದಡಿ ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ಎಲ್ಲವೂ ಮುಚ್ಚಿಹೋಗುತ್ತದೆಂಬುದು ಆ ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ಹೊತ್ತಿನ ಲೆಕ್ಕ ಹಾಕಿದೆ: ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆ. ಲಲಿತಾ ಗಂಜಾಂನವಳು, ಆ ಊರಿನ ದೇವತೆ ನಿಮಿಷಾಂಬೆಗೆ ಹರಕೆ ಹೊತ್ತು ನಿಶ್ಚಿಂತೆಯಿಂದ ಮಲಗಿದಳು. ನನಗೆ ಹರಕೆ ಹೊರಲು ವಿಜ್ಞಾನ ಅಡ್ಡ ಬಂತು. ಸುಮ್ಮನೆ ಹೆದರಿಕೊಂಡೆ.

ಮರುದಿನ ಬೆಳಿಗ್ಗೆ ಶಿವಣ್ಣನಿಗೆ ಮಾತ್ರ ವಿಷಯ ತಿಳಿಸಿ, ಯಾರಿಗೂ ಹೇಳಬೇಡಿ ಎಂದೆ. ಅಂಚೆಯವರಿಗೆ ಹಾಗೆ ಹೇಳಬಾರದಿತ್ತು. ತಲುಪಿಸುವುದು ಅವರ ರಕ್ತದಲ್ಲೇ ಇರುತ್ತದೆ. ಸುದ್ದಿ ಒಂಬತ್ತು ಗಂಟೆಯ ಬಸ್ಸಿನಲ್ಲಿ ಕೂತು ಕಿಕ್ಕೇರಿಗೆ ಹೋಯಿತು. ಮಧ್ಯಾಹ್ನ ನನ್ನ ಮನೆ ಮುಂದೆ ಮೋಟಾರ್ ಬೈಕೊಂದು ನಿಂತಿತು. ಬಂದವರು ಚಿನಕುರಳಿಯ ಬೋರೇಗೌಡರು. ಅವರ ಮಗಳು ಸವಿತಾ ನನ್ನ ಹಳೆಯ ವಿದ್ಯಾರ್ಥಿನಿ. ಕಿಕ್ಕೇರಿಯ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಭಾನುವಾರ. ಧಾರೆ ಹನ್ನೆರಡು ಗಂಟೆಗೆ.

"ಏನ್ ಮೇಷ್ಟ್ರೇ ಇಂಗ್ ಮಾಡ್ಬುಟ್ರಲ್ಲ!" ಎಂದರು ಗೌಡರು, ಒಳಗೆ ಬರುವ ಮೊದಲೇ. "ಗಂಡಿನ ಚಿಕ್ಕಪ್ಪ ಪುಟ್ಟಸ್ವಾಮಿ ಬಂದ್ ಕುಂತವ್ರೆ. ಮದ್ವೆ ಮುಂದಕ್ ಆಕವಾ ಅಂತಾವ್ರೆ. ಒಂದ್ಸಲ ಮುಂದಕ್ಕೋಯ್ತು ಅಂದ್ರೆ ಮುರುದ್ಬಿದ್ದಂಗೇಯ. ಬನ್ನಿ, ನೀವೇ ಬಂದು ಬೀಳಾಕಿಲ್ಲ ಅಂತ ಒಂದ್ ಮಾತ್ ಏಳ್ಬುಡಿ."

ಅವರ ಕಣ್ಣು ಕೆಂಪಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಬೈಕು ಹತ್ತಿದೆ. ದಾರಿಯುದ್ದಕ್ಕೂ 'ಬೀಳುವುದಿಲ್ಲ' ಎಂಬ ಮಾತನ್ನು ಅಭ್ಯಾಸ ಮಾಡಿದೆ.

ಚಿನಕುರಳಿಯಲ್ಲಿ ಹಸಿ ತೆಂಗಿನಗರಿಯ ಚಪ್ಪರ ಎದ್ದಿತ್ತು. ಅದರಡಿ ಪುಟ್ಟಸ್ವಾಮಿ ತೊಡೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. "ಮೇಷ್ಟ್ರೇ, ನಮ್ ಕಡೆಯಿಂದ ಎರಡು ಬಸ್ ಜನ ಬರ್ತಾರೆ. ಬೀಳ್ತದೋ ಇಲ್ವೋ?"

ನಾನು ಬಾಯಿ ತೆರೆದೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ ಅದು; ಹೇಳಿಕೊಟ್ಟಿದ್ದನ್ನು ಹೇಳಲಿಲ್ಲ. "ಇಲ್ಲೇ ಬೀಳುವ ಸಾಧ್ಯತೆ ಬಹಳ ಬಹಳ ಕಡಿಮೆ" ಎಂದಿತು.

"ಕಮ್ಮಿ ಗಿಮ್ಮಿ ಬುಡಿ. ಐತೋ ಇಲ್ವೋ?"

"ಇದೆ."

ಒಳಗೆ ಹೆಂಗಸರು ಗೊಳೋ ಎಂದರು. ಬೋರೇಗೌಡರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಪುಟ್ಟಸ್ವಾಮಿ ಟವೆಲ್ ಕೊಡವಿ ಎದ್ದರು. ಆಗ ಬಾಗಿಲಲ್ಲಿ ಸವಿತಾ ಬಂದು ನಿಂತಳು. ಮುಖದ ಮೇಲೆ ಅರಿಶಿನ ಇನ್ನೂ ಹಸಿಯಾಗಿತ್ತು.

"ಸಾರ್, ಭೂಮೀಲಿ ಮುಕ್ಕಾಲು ಪಾಲು ನೀರು ಅಂತ ನೀವೇ ತಾನೇ ಬರೆಸಿದ್ದು?" ಎಂದಳು.

"ಹೌದಮ್ಮ."

"ಮಿಕ್ಕ ಕಾಲು ಪಾಲಲ್ಲಿ ಕಾಡು, ಬೆಟ್ಟ, ಮರಳುಗಾಡು ಎಲ್ಲಾ ಬಿಟ್ಟು, ಅದು ನಮ್ಮಪ್ಪನ ಚಪ್ಪರಾನೇ ಹುಡುಕ್ಕೊಂಡು ಬತ್ತದಾ ಸಾರ್?" ಆಮೇಲೆ ಭಾವೀ ಚಿಕ್ಕಮಾವನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಬಸ್ಸಲ್ಲಿ ಬರೋದ್ಕೂ ಭಯ ಪಡ್ಬೇಕು ಅಂದ್ರೆ ಪಡ್ಬೌದು. ಆದ್ರೂ ನೀವು ಬಂದಿದ್ದೀರಲ್ಲ ಮಾವ" ಎಂದಳು.

ಪುಟ್ಟಸ್ವಾಮಿ ಮತ್ತೆ ಕೂತರು. ಟವೆಲನ್ನು ತೊಡೆಯ ಮೇಲೆ ಹಾಸಿಕೊಂಡು, "ಎಣ್ಣು ಗಟ್ಟಿಗಿತ್ತಿ. ಆಗ್ಲಿ, ನಡೀಲಿ. ಆದ್ರೆ ಒಂದು. ಈ ಮೇಷ್ಟ್ರು ನಾಳೆ ಬಂದು ಚಪ್ಪರದಡಿ ಮೊದಲ್ನೇ ಸಾಲಲ್ಲಿ ಕೂರ್ಬೇಕು. ಇವ್ರು ಕುಂತ್ರೆ ನಾವೂ ಕೂರ್ತೀವಿ" ಎಂದರು.

ನನ್ನ ವಿದ್ಯಾರ್ಥಿನಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು, ತಲೆಗೆ. ಹೊಟ್ಟೆಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಸೇರಲಿಲ್ಲ. ಇದ್ದುದರಲ್ಲಿ ಒಳ್ಳೆಯ ಪಂಚೆ ಉಟ್ಟು, ಲಲಿತಾಳಿಗೆ ವಿಮೆಯ ಕಾಗದ ಎಲ್ಲಿದೆಯೆಂದು ತಿಳಿಸಿ ಹೊರಟೆ. ಮೊದಲನೇ ಸಾಲಿನ ನಡುಮಧ್ಯದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಎರಡು ಬಸ್ಸಿನ ಜನ ಮದುಮಗಳನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಕ್ಕರೆ ಅವರೂ ನಗುತ್ತಿದ್ದರು. ನಾನು ಗರಿಗಳ ಸಂದಿಯಿಂದ ಮೇಲೆ ನೋಡಿದರೆ ಅವರೂ ನೋಡುತ್ತಿದ್ದರು. ಆದ್ದರಿಂದ ಒಂದೇ ಸಮನೆ ನಗುತ್ತ ಕೂತೆ. ದವಡೆ ನೋವು ಬಂತು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು. ಪುರೋಹಿತರು ಗಟ್ಟಿಮೇಳ ಎಂದರು. ವಾಲಗ ಮೊಳಗಿತು. ಹುಡುಗ ತಾಳಿ ಎತ್ತಿದ.

ಧಡಾರ್!

ನೆಲ ಅದುರಿತು. ಮರುಕ್ಷಣ ನಾನು ಮಾಡಿದ್ದು ನನಗೆ ತಿಳಿದದ್ದು ಬೇರೆಯವರು ಹೇಳಿದ ಮೇಲೆ. "ಎಲ್ಲಾ ಮಲಕ್ಕೊಳ್ರೋ!" ಎಂದು ಕಿರುಚಿ, ನಾನು ತಾಂಬೂಲದ ಮೇಜಿನ ಕೆಳಗೆ ನುಗ್ಗಿದೆನಂತೆ. ಮೇಜು ವಾಲಿ ತೆಂಗಿನಕಾಯಿಗಳು ಒಂದೊಂದಾಗಿ ನನ್ನ ಬೆನ್ನ ಮೇಲೆ ಬಿದ್ದವು. ಮೊದಲನೆಯದು ಬಿದ್ದಾಗ ನನ್ನ ಕಥೆ ಮುಗಿಯಿತೆಂದೇ ತಿಳಿದೆ. ಮೂರನೆಯದಕ್ಕೆ ಸ್ವಲ್ಪ ಅನುಮಾನ ಬಂತು. ಕಣ್ಣು ಬಿಟ್ಟರೆ ಮಿಕ್ಕವರೆಲ್ಲ ಇದ್ದಲ್ಲೇ ಕೂತು ಅಕ್ಷತೆ ಹಾಕುತ್ತಿದ್ದರು. ಅಜ್ಜಿಯೊಬ್ಬಳು ಬಗ್ಗಿ ನೋಡಿ, "ಎದ್ದೇಳಪ್ಪ, ಅದು ಕಲ್ಲು ಸಿಡಿಸಿದ್ದು ಕಣಪ್ಪ. ಕೋರೇಲಿ ದಿನಾ ಅನ್ನೆರಡ್ ಗಂಟೆಗೆ ಸಿಡುಸ್ತಾರೆ" ಎಂದಳು. ಚಪ್ಪರವೆಲ್ಲ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಪುಟ್ಟಸ್ವಾಮಿ. ಸವಿತಾ ಮಾತ್ರ ತಲೆ ತಗ್ಗಿಸಿಕೊಂಡಿದ್ದಳು, ಭುಜಗಳು ಕುಲುಕುತ್ತಿದ್ದವು. ಕೊರಳಲ್ಲಿ ತಾಳಿ ಇತ್ತು.

ಸಂಜೆ ಬಾಷಾ ಸಾಹೇಬರ ಅಂಗಡಿಗೆ ಹೋದೆ. ಚೂರುಗಳು ಬೆಳಿಗ್ಗೆ ಆರೂವರೆಗೆ, ಮನುಷ್ಯರಿರಲಿ ಹಡಗೂ ಇಲ್ಲದ ಸಮುದ್ರದಲ್ಲಿ ಬಿದ್ದವೆಂದು ರೇಡಿಯೋ ಹೇಳಿತು. ಆರೂವರೆಗೆ? ಚೀಟಿ ತೆಗೆದು ನೋಡಿದೆ. ಶುಕ್ರವಾರ ಅವರು ಹೇಳಿದ್ದೂ ಆರೂವರೆಯೇ. ಅದನ್ನು ಹೊರದೇಶದ ಸಮಯವೆಂದು ತಿಳಿದು ನಾನು ಐದೂವರೆ ಗಂಟೆ ಕೂಡಿಸಿದ್ದೆ; ಅವರು ದಯೆಯಿಟ್ಟು ಭಾರತದ ಸಮಯವನ್ನೇ ಹೇಳಿದ್ದರು. ನಾನು ಚಪ್ಪರದಡಿ ಬೆವರುವ ಹೊತ್ತಿಗೆ ರಾಕೆಟ್ಟಿನ ಚೂರು ಸಮುದ್ರದ ತಳದಲ್ಲಿ ತಣ್ಣಗೆ ಮಲಗಿತ್ತು. ಬಾಷಾ ಸಾಹೇಬರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು, ಚಹಾ ತರಿಸಿದರು.

ವಾರದ ಮೇಲೆ ಬೋರೇಗೌಡರು ಬಂದರು. ತಪ್ಪೊಪ್ಪಿಕೊಳ್ಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅವರು ಮಾತಿಗೆ ಅವಕಾಶವನ್ನೇ ಕೊಡಲಿಲ್ಲ. "ಮೇಷ್ಟ್ರೇ, ಊರೆಲ್ಲಾ ಅಂತಾವ್ರೆ. ನೀವ್ ಬಂದ್ ಕುಂತಿದ್ಕೇ ಅದು ಸಮುದ್ರುಕ್ಕೋಯ್ತಂತೆ. ಮುಂದಿನ್ ಬುಧವಾರ ಬೋರ್‌ವೆಲ್ ಕೊರುಸ್ತಾ ಇವ್ನಿ. ಬೆಳಗ್ಗೇನೇ ಬಂದು ಜಮೀನ್ತಾವ್ ಸುಮ್ನೆ ಕುಂತ್ಕಬೇಕು ನೀವು."

ಮೂಢನಂಬಿಕೆಯ ಬಗ್ಗೆ ವರ್ಷಕ್ಕೊಂದು ಭಾಷಣ ಮಾಡುವವನು ನಾನು. ಅದು ಪೂರ್ತಿ ಬಾಯಿಗೆ ಬಂತು. ಆದರೆ ಊರೆಲ್ಲ ಅಂತಾವ್ರೆ ಎಂಬ ಮಾತು ಅದಕ್ಕಿಂತ ಮೊದಲು ಕಿವಿಗೆ ಹೋಗಿ ಕೂತಿತ್ತು. ಗೌಡರು ಹೋದ ಮೇಲೆ ಬುಧವಾರಕ್ಕೆ ರಜೆಯ ಅರ್ಜಿ ಬರೆದೆ. ಕಾರಣವೆಂಬ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ 'ವೈಜ್ಞಾನಿಕ ಕೆಲಸ' ಎಂದು ತುಂಬಿದೆ.