ರೂಟರನ್ನು ಬಿಸಿಲಿಗಿಟ್ಟ ಅತ್ತೆ

ನಮ್ಮ ಮನೆಯ ರೂಟರ್ ಕೆಟ್ಟಿತ್ತು ಎಂದರೆ ನೀವು ತಕ್ಷಣ ನಂಬುತ್ತೀರಿ. ನಿಮ್ಮ ಮನೆಯದೂ ಕೆಟ್ಟಿರುತ್ತದೆ! ಆದರೆ ನಮ್ಮ ಸೋದರತ್ತೆ ಅದನ್ನು ಬಿಸಿಲಿಗೆ ಒಣಹಾಕಿ ಸರಿಮಾಡಿದರು ಎಂದರೆ ನಂಬುತ್ತೀರಾ? ನಂಬಬೇಕು. ಎರಡು ವರ್ಷ ಇಂಥದ್ದನ್ನೆಲ್ಲ ಕಣ್ಣಾರೆ ಕಂಡು, ಸುಸ್ತಾಗಿ, ಇನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಆಗುವುದಿಲ್ಲ ಎಂದು ಬರೆಯಲು ಕುಳಿತಿದ್ದೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಒಂದೂರಿನಿಂದ ಇನ್ನೊಂದೂರಿಗೆ ಫೋನ್ ಮಾಡಬೇಕಾದರೆ ಮೊದಲು ನಂಬರ್ ಬರೆಸಿ, ಆಮೇಲೆ ಫೋನಿನ ಪಕ್ಕ ಕಾದು ಕೂರಬೇಕಿದ್ದ ಕಾಲದಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದರು. ನಿವೃತ್ತರಾದ ಮೇಲೂ ಮೈಸೂರಿನ ದೇವರಾಜ ಮೊಹಲ್ಲಾದ ಮಹಡಿಮನೆಯಲ್ಲಿ ಒಬ್ಬರೇ ಇದ್ದರು. ಮೆಟ್ಟಿಲು ಹತ್ತಲು ಮಂಡಿ ಕೇಳದಾದಾಗ ದಟ್ಟಗಳ್ಳಿಯ ನಮ್ಮ ಮನೆಗೆ ಬಂದರು. ಬರುವಾಗ ತಂದದ್ದು ಎರಡೇ: ಬಟ್ಟೆ ತುಂಬಿದ ಒಂದು ಟ್ರಂಕು, ಮತ್ತು ಟ್ರಂಕ್ ಕಾಲಿನ ಆ ದನಿ. ಆ ದನಿ ನಮ್ಮ ಹಾಲಿನಲ್ಲಿ ಹೊರಟರೆ ರಿಂಗ್ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಬೇಕು!

ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕವಿತ್ತಂತೆ. ಮೂರು ನಿಮಿಷವಾದೊಡನೆ ಆಪರೇಟರ್ ಮಧ್ಯೆ ಬಂದು ಮುಂದುವರಿಸಬೇಕೇ ಎಂದು ಕೇಳುತ್ತಿದ್ದರು. ಕೆಲಸ ಬಿಟ್ಟರೂ ಅತ್ತೆ ಈ ಅಭ್ಯಾಸ ಬಿಟ್ಟಿರಲಿಲ್ಲ. ನನ್ನ ಗಂಡ ಔಷಧಿ ಕಂಪನಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ; ಬೆಳಿಗ್ಗೆ ಮನೆಯಿಂದಲೇ ಮೀಟಿಂಗು. ಮೊದಲ ವಾರವೇ ಅತ್ತೆ ಕೈಗಡಿಯಾರ ನೋಡಿಕೊಂಡು ಅವರ ಬೆನ್ನ ಹಿಂದೆ ನಿಂತು, "ಅಳಿಯಂದಿರೇ, ಮೂರ್ ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?" ಎಂದರು. ಇವರ ಸಾಹೇಬರು ಆ ಕಡೆ ಬೆಚ್ಚಿಬಿದ್ದು, ಹೆಡ್ ಆಫೀಸಿನಿಂದ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿದು, ಗಡಿಬಿಡಿಯಲ್ಲಿ ಮಾತು ಮುಗಿಸಿದರಂತೆ. ಅಷ್ಟು ಬೇಗ ಮುಗಿದ ಮೀಟಿಂಗನ್ನು ಇವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಅಂದಿನಿಂದ ಇವರು ಪೂರ್ತಿ ಅತ್ತೆಯ ಪಕ್ಷ. ನಾನೊಬ್ಬಳೇ ವಿರೋಧಪಕ್ಷ.

ಯಾಕೆಂದರೆ ನೆಟ್ ಇಲ್ಲದಿದ್ದರೆ ನನ್ನ ಅನ್ನವಿಲ್ಲ. ನಾನು ಯೋಗ ಟೀಚರು. ಬೆಳಿಗ್ಗೆ ಆರಕ್ಕೆ ಆನ್‌ಲೈನ್ ತರಗತಿ. ಮನಸ್ಸನ್ನು ಶಾಂತವಾಗಿಟ್ಟುಕೊಳ್ಳುವುದು ಹೇಗೆಂದು ಹದಿನೆಂಟು ಜನಕ್ಕೆ ಹೇಳಿಕೊಡುತ್ತೇನೆ. ಹೇಳಿಕೊಟ್ಟಾದ ಮೇಲೆ ಹಾಲಿಗೆ ಬಂದು ರೂಟರಿಗೆ ಹಿಡಿಶಾಪ ಹಾಕುತ್ತೇನೆ. ಒಮ್ಮೆ ಶೀರ್ಷಾಸನ ತೋರಿಸುತ್ತಿದ್ದಾಗಲೇ ನೆಟ್ ಹೋಯಿತು. ನಾನು ಕೆಳಗಿಳಿದು, ರೂಟರನ್ನು ಆರಿಸಿ, ಹೊತ್ತಿಸಿ, ಅದು ಹಸಿರು ದೀಪ ತೋರಿಸುವಷ್ಟರಲ್ಲಿ ಅರ್ಧ ಲೋಟ ಕಾಫಿಯನ್ನೂ ಕುಡಿದು ಬಂದೆ. ಅಷ್ಟೂ ಹೊತ್ತು ಶಿಷ್ಯರ ಪರದೆಯ ಮೇಲೆ ನಾನು ತಲೆಕೆಳಗಾಗಿಯೇ ನಿಂತಿದ್ದೆನಂತೆ! "ಮೇಡಂ, ಒಂಚೂರೂ ಅಲ್ಲಾಡ್ಲಿಲ್ಲ ನೀವು! ಉಸಿರೂ ಆಡ್ತಿರ್ಲಿಲ್ಲ!" ಎಂದು ಒಬ್ಬ ಶಿಷ್ಯೆ ಕೈಮುಗಿದಳು. ನಾನೇನು ಹೇಳಲಿ? ಅಭ್ಯಾಸ ಎಂದೆ.

ಆದರೆ ಎಲ್ಲ ಸಲವೂ ಇಂಥ ಪುಣ್ಯ ಒದಗುತ್ತದೆಯೇ? ದೀಪ ಕೆಂಪಾಗುವುದು, ನಾನು ಓಡುವುದು, ಹಸಿರಾಗುವುದು, ನಾನು ಕೂರುವುದು, ಮತ್ತೆ ಕೆಂಪಾಗುವುದು. ಸೂರ್ಯನಮಸ್ಕಾರಕ್ಕಿಂತ ಹೆಚ್ಚಾಗಿ ನಾನು ರೂಟರಿಗೆ ಬಗ್ಗಿ ಎದ್ದಿದ್ದೇನೆ. ಅದನ್ನು ಷೋಕೇಸಿನ ಮೇಲಿಟ್ಟೆವು. ಫ್ರಿಜ್ಜಿನ ಮೇಲಿಟ್ಟೆವು. ಕಿಟಕಿಯ ಸರಳಿಗೆ ಕಟ್ಟಿದೆವು. ಒಂದು ವಾರ ದೇವರ ಗೂಡಿನ ಪಕ್ಕದಲ್ಲೂ ಇತ್ತು. ಗಂಡ ಮರೆತು ಅದಕ್ಕೂ ಒಂದು ಹೂವು ಏರಿಸಿದರು. ಹೂವು ಬಾಡಿತು, ದೀಪ ಕೆಂಪಾಗಿಯೇ ಉಳಿಯಿತು.

ಅತ್ತೆಯ ಪ್ರಕಾರ ರೋಗ ಒಂದೇ. "ಲೈನಲ್ಲಿ ತೇವ ಸೇರ್ಕೊಂಡಿದೆ ಕಣೇ. ನಮ್ ಕಾಲ್ದಲ್ಲೂ ಅಷ್ಟೇ, ಕೇಬಲ್ಲಿಗೆ ನೀರಿಳಿದ್ರೆ ಮೈಸೂರಿಂದ ನಂಜನಗೂಡಿಗೂ ದನಿ ಹೋಗ್ತಿರ್ಲಿಲ್ಲ."

"ಅತ್ತೆ, ಇದರೊಳಗೆ ನೀರೆಲ್ಲಿಂದ ಬರ್ಬೇಕು?"

"ಅದು ನಿಂಗೆ ಗೊತ್ತಾಗಿದ್ರೆ ನೀನೇ ಇಂಜಿನಿಯರ್ ಆಗ್ತಿದ್ದೆ, ಬುಡು."

ಮಾರನೆಯ ದಿನ ತರಗತಿ ಮುಗಿಸಿ, ಸ್ನಾನ ಮಾಡಿ ಹಾಲಿಗೆ ಬಂದರೆ ರೂಟರ್ ಇಲ್ಲ! ತಂತಿಗಳು ಮಾತ್ರ ಗೋಡೆಯಿಂದ ನೇತಾಡುತ್ತಿದ್ದವು. ಹುಡುಕಿಕೊಂಡು ತಾರಸಿಗೆ ಹೋದೆ. ಅಲ್ಲಿ ಹಳೆಯ ಸೀರೆಯ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ, ಆ ಸಾಲಿನ ಕೊನೆಯಲ್ಲಿ ಮಕಾಡೆ ಮಲಗಿದ ನಮ್ಮ ರೂಟರು. ಪಕ್ಕದಲ್ಲಿ ಅತ್ತೆ, ಕಾಗೆ ಓಡಿಸಲು ಕೊಡೆ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಾರೆ. ಎದುರು ಮನೆಯವರು ತಮ್ಮ ತಾರಸಿಯಿಂದ ರೂಟರಿನತ್ತ ಕೈ ತೋರಿಸಿ, "ಏನ್ರೀ ಅಮ್ಮಾ ಅದು ಕಪ್ಪಗೆ?" ಎಂದು ಕೇಳಿದರು. ಅತ್ತೆ ಗಂಭೀರವಾಗಿ, "ಸಂಡಿಗೆ ಅಲ್ಲ ಕಣ್ರೀ, ಇಂಟರ್ನೆಟ್ಟು" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಗಬೇಡಿ. ನಿಜವಾದ ಸಂಕಟ ಮುಂದಿದೆ. ಬಿಸಿಲಿಗೆ ಕಾಯಿಸಿ ತಂದ ರೂಟರು ನಾಲ್ಕು ದಿನ ಒಂದೇ ಒಂದು ಸಲವೂ ನಿಲ್ಲಲಿಲ್ಲ! ಆ ನಾಲ್ಕು ದಿನ ಅತ್ತೆ ಮನೆಯಲ್ಲಿ ನಡೆದಾಡಿದ ರೀತಿಯನ್ನು ನೀವು ನೋಡಬೇಕಿತ್ತು.

ಐದನೆಯ ದಿನ ಅದು ಮತ್ತೆ ಮಲಗಿತು. ಅತ್ತೆ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಹಚ್ಚಿದರು. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದ ರೆಕಾರ್ಡಿನ ದನಿಗೆ, "ನಮಸ್ಕಾರಮ್ಮ, ಊಟ ಆಯ್ತಾ?" ಎಂದರು. ಅದು ದೂರಿಗಾಗಿ ಎರಡನ್ನು ಒತ್ತಿ ಎಂದಿತು. "ನೋಡೇ, ಮಾತಾಡ್ಸಿದ್ರೂ ಉತ್ತರ ಕೊಡಲ್ಲ. ಇವಳಿಗೆ ಯಾರು ಟ್ರೈನಿಂಗ್ ಕೊಟ್ರೋ!" ಕೊನೆಗೆ ಜೀವವಿರುವ ಹುಡುಗಿಯೊಬ್ಬಳು ಸಿಕ್ಕಳು. ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ ಎಂದಳು. ನಾನು ಎದ್ದು ಸ್ವಿಚ್ ಆರಿಸಿದೊಡನೆ ಅತ್ತೆ ಗಟ್ಟಿಯಾಗಿ ಒಂದರಿಂದ ಹತ್ತರವರೆಗೆ ಎಣಿಸಿದರು. ಆಮೇಲೆ ಪಾಠ ಶುರು. "ಏನಂದೆ? ಜೋರಾಗಿ ಹೇಳಮ್ಮ. ನಮಸ್ಕಾರ ಅನ್ನೋವಾಗ ನಗ್ತಾ ಅನ್ಬೇಕು. ನಕ್ಕಿದ್ದು ಫೋನಲ್ಲಿ ಕೇಳ್ಸತ್ತೆ. ನಿಂದು ಕೇಳ್ತಾನೇ ಇಲ್ಲ. ನಿಮ್ ಕಂಪನಿ ಲೈನೇ ಸರಿಯಿಲ್ಲ, ನಮ್ಮನೇದು ಹೆಂಗ್ ಸರಿಮಾಡ್ತೀರಿ?" ಆ ಹುಡುಗಿ ಆ ದಿನ ಎಷ್ಟು ಸಲ ನಮಸ್ಕಾರ ಹೇಳಿದಳೋ, ಪಾಪ.

ದೂರು ಕೊಟ್ಟದ್ದಕ್ಕೆ ಒಬ್ಬ ಮೆಕ್ಯಾನಿಕ್ ಬಂದರು. ಐವತ್ತು ದಾಟಿದ ಸಮಾಧಾನದ ಮನುಷ್ಯ. ತಂತಿ ಜಗ್ಗಿ ನೋಡಿ, ಅಡಾಪ್ಟರ್ ಮುಟ್ಟಿ ನೋಡಿ, "ಲೈನ್ ಚೆನ್ನಾಗೈತೆ ಮೇಡಂ. ಬಾಕ್ಸೇ ಮುಗ್ದೋಗದೆ. ಹೊಸದು ಹಾಕ್ಬುಡಿ" ಎಂದರು. ಅತ್ತೆ ಅಡ್ಡ ನಿಂತರು. "ಕಾಯಿಲೆ ಏನೂಂತ ಹೇಳ್ದೆ ರೋಗೀನೇ ಬದಲಾಯಿಸ್ಬುಡೋದಾ? ಅದೆಲ್ಲ ಬೇಡ. ಇದೇ ಇರ್ಲಿ." ಆತ ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ. ಗಂಡ ಸೂರು ನೋಡಿದರು. ಇಂಥ ವೇಳೆಯಲ್ಲಿ ಗಂಡಂದಿರಿಗೆ ಸೂರಿನಲ್ಲಿ ಏನು ಕಾಣುತ್ತದೋ!

ಹೀಗೆ ಇನ್ನೂ ಮೂರು ತಿಂಗಳು ಎಳೆದೆವು. ನನ್ನ ಹದಿನೆಂಟು ಶಿಷ್ಯರು ಹದಿನಾಲ್ಕಾದರು, ಹನ್ನೊಂದಾದರು. ಬಿಟ್ಟು ಹೋದ ಒಬ್ಬರು, "ನಿಮ್ಮ ಕ್ಲಾಸ್ ಚೆನ್ನಾಗಿದೆ ಮೇಡಂ, ಆದರೆ ಅರ್ಧ ಹೊತ್ತು ನಾವು ನಿಮ್ಮನ್ನೇ ಕಾಯ್ತಾ ಕೂತಿರ್ತೀವಿ" ಎಂದು ಬರೆದರು. ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ತರಗತಿ. ಅದನ್ನು ಓದಿ ಅಡುಗೆಮನೆಯಲ್ಲಿ ನಿಂತು ಒಂದಿಷ್ಟು ಕಣ್ಣೀರು ಹಾಕಿದೆ. ಅಳು ಮುಗಿದ ಮೇಲೆ, ಯಾರನ್ನೂ ಕೇಳದೆ, ಅದೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಹೊಸ ರೂಟರ್ ತರಿಸಿದೆ.

ನಾಲ್ಕು ಕೊಂಬಿನ ಹೊಸ ರೂಟರ್ ಗೋಡೆಯೇರಿತು. ಒಂದು ವಾರ ಕಳೆಯಿತು. ಒಮ್ಮೆಯೂ ನಿಲ್ಲಲಿಲ್ಲ. ಕಿಟಕಿಯಾಚೆ ಚಾಮುಂಡಿ ಬೆಟ್ಟ ಇರುವುದೇ ಮರೆತುಹೋಗಿದ್ದ ನನಗೆ ಅದನ್ನು ನೋಡಲೂ ಪುರಸೊತ್ತಾಯಿತು. ಗಂಡನ ಮೀಟಿಂಗುಗಳು ಮತ್ತೆ ಉದ್ದವಾದವು. ಎಲ್ಲ ಸರಿ. ಅತ್ತೆ ಮಾತ್ರ, "ಇದೂ ಅಂಥದ್ದೇ. ದನಿ ಒಡೀತಿದೆ. ಆ ಕಂಪನೀಗೆ ಫೋನ್ ಮಾಡು" ಎಂದು ಶುರುಮಾಡಿದರು.

ನನ್ನ ಶಾಂತಿಯೆಲ್ಲ ಎಲ್ಲಿ ಹೋಯಿತೋ. "ಸಾಕು ಮಾಡಿ ಅತ್ತೆ! ರೂಟರ್ ಸರಿಯಾಗಿದೆ. ಎಲ್ಲರಿಗೂ ಸರಿಯಾಗಿದೆ. ನಿಮಗೊಬ್ಬರಿಗೇ ಯಾಕೆ ಸರಿಯಿಲ್ಲ?" ಎಂದು ಕೂಗಿಬಿಟ್ಟೆ. ಅವರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡು ದಿನ ಕಳೆದು ಭಾನುವಾರ ಬಂತು. ಪ್ರತಿ ಭಾನುವಾರ ಮಧ್ಯಾಹ್ನ ಅತ್ತೆಗೆ ಅರಸೀಕೆರೆಯ ಸರೋಜಮ್ಮನ ವಿಡಿಯೊ ಕಾಲ್ ಬರುತ್ತದೆ. ಅವರೂ ಆಪರೇಟರ್ ಆಗಿದ್ದವರು. ವರ್ಷಗಟ್ಟಲೆ ಈ ಕಡೆಯ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಇವರು, ಆ ಕಡೆಯ ಬೋರ್ಡಿನಲ್ಲಿ ಅವರು. ಎದುರೆದುರು ಮುಖ ನೋಡಿಕೊಂಡದ್ದು ಎರಡೋ ಮೂರೋ ಸಲವಂತೆ, ಸ್ನೇಹವೆಲ್ಲ ದನಿಯದೇ. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಸರೋಜಮ್ಮನ ಮಾತು ಅಲ್ಲಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಮಂಡಿನೋವು ಹೆಂಗಿದ್ಯೇ?"

"ಹೂಂ ಕಣೇ, ಇಲ್ಲೂ ಬಿಸಿಲು ಜೋರು" ಎಂದರು ಅತ್ತೆ.

ನನ್ನ ಕೈ ನಿಂತಿತು.

"ಬಿಸಿಲಲ್ವೇ, ಮಂಡಿ, ಮಂಡಿ!"

"ಹಲೋ, ಹಲೋ... ಸರೋಜಾ, ನೆಟ್ಟು ಸರಿಯಿಲ್ಲ ಕಣೇ. ಆಮೇಲ್ ಮಾಡ್ತೀನಿ."

ಹಾಲಿಗೆ ಬಂದೆ. ಅತ್ತೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ರೂಟರನ್ನೇ ನೋಡುತ್ತಿದ್ದರು. ಅದರ ಎಲ್ಲ ದೀಪಗಳೂ ಹಸಿರಾಗಿದ್ದವು. ನಾನು ಅವರ ಎದುರಿಗೆ ನೆಲದ ಮೇಲೆ ಕುಳಿತೆ. ಅವರೇ ಹೇಳಿದರು.

"ಬಲಗಿವಿ ಪೂರ್ತಿ ಹೋಗಿದೆ ಕಣೇ. ಎಡಗಿವೀಲಿ, ಹಿಂಗೆ ಎದುರಿಗೆ ಕೂತು ಹೇಳಿದ್ರೆ ತಿಳಿಯತ್ತೆ. ಫೋನಲ್ಲಿ ಆಗಲ್ಲ."

"ಎಷ್ಟು ದಿನದಿಂದ ಅತ್ತೆ?"

"ಎರಡು ವರ್ಷ ಆಗಿರ್ಬೇಕು."

"ಹೇಳ್ಬಾರ್ದಿತ್ತಾ?"

ಅತ್ತೆ ಫೋನಿನ ಪರದೆಯನ್ನು ಸೆರಗಿನಿಂದ ಒರೆಸಿದರು. "ಅಷ್ಟು ವರ್ಷ ಊರಿನೋರ ಮಾತೆಲ್ಲ ಕೇಳ್ಸಿದೋಳು ನಾನು. ನಂಗೇ ಕೇಳಲ್ಲ ಅಂತ ಹೆಂಗ್ ಹೇಳ್ಲಿ? ಆ ಹಳೇ ಡಬ್ಬ ದಿನಾ ಕೆಡ್ತಿತ್ತಲ್ಲ, ಅದರ ಮೇಲೆ ಹಾಕ್ಬುಡ್ತಿದ್ದೆ. ನೀನು ಇದನ್ನ ತಂದ್ಬುಟ್ಟೆ."

ಮುಂದಿನ ವಾರ ಕಿವಿ ಡಾಕ್ಟರ ಬಳಿ ಹೋದೆವು. ಕಿವಿಯ ಯಂತ್ರ ಬಂತು. ಅದರ ಮೇಲೂ ಅತ್ತೆಯ ದೂರುಗಳ ಉದ್ದನೆಯ ಪಟ್ಟಿಯಿದೆ. ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ನಾನು ಅವರ ಎಡಗಡೆಗೆ ಸರಿದು ಕುಳಿತೆ. "ಸರೋಜಮ್ಮನಿಗೆ ಮತ್ತೆ ಹಚ್ಚಿ. ಅವರು ಹೇಳಿದ್ದನ್ನ ನಾನು ಹೇಳ್ತೀನಿ" ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಕೆಲಸಕ್ಕೆ ಬಂದವಳನ್ನು ನೋಡುವಂತೆ. ಆಮೇಲೆ ಹಚ್ಚಿದರು.

"ಮಂಡಿನೋವು ಹೇಗಿದೆ ಅಂತ ಕೇಳ್ತಿದ್ದಾರೆ ಅತ್ತೆ."

"'ಕೇಳ್ತಿದ್ದಾರೆ' ಅಂತೆಲ್ಲ ಬೇಡ. ಅವಳು ಅಂದಿದ್ದನ್ನ ಹಂಗಂಗೇ ಅನ್ನು. ನಿಂದೇನೂ ಸೇರಿಸ್ಬಾರ್ದು."

ಸರಿ ಎಂದೆ. ಅರಸೀಕೆರೆಯ ಬಿಸಿಲು, ಮೊಮ್ಮಗಳ ಸೀಮಂತ, ಬಿದ್ದು ಕಟ್ಟಿಸಿಕೊಂಡ ಹಲ್ಲು ಎಲ್ಲವನ್ನೂ ಅಕ್ಷರ ಬಿಡದೆ ಅತ್ತೆಯ ಕಿವಿಗೆ ದಾಟಿಸಿದೆ. ಅತ್ತೆ ಎಷ್ಟೋ ಕಾಲದ ಮೇಲೆ ಸರಿಯಾದ ಕಡೆ ನಗುತ್ತಿದ್ದರು. ಆಗ ಸರೋಜಮ್ಮ ದನಿ ಸ್ವಲ್ಪ ತಗ್ಗಿಸಿದರು. ನಾನು ಪಕ್ಕದಲ್ಲೇ ಇರುವುದು ಅವರ ಪರದೆಯಲ್ಲಿ ಕಾಣುತ್ತಿರಲಿಲ್ಲವೋ ಏನೋ, ತಮ್ಮ ಮಾತನ್ನು ದಾಟಿಸುತ್ತಿರುವವಳು ನಾನೇ ಎಂದು ಅವರಿಗೆ ಹೊಳೆದಿರಲಿಲ್ಲ.

ಹಂಗಂಗೇ ಹೇಳಬೇಕಲ್ಲ? ಹೇಳಿದೆ. "ಅಲ್ವೇ, ಆ ನಿನ್ನ ಸೋದರಸೊಸೆ ಹೆಂಗಿದಾಳೆ? ಈಗ್ಲೂ ಸಿಡಿಮಿಡಿ ಅಂತಾನೇ ಇರ್ತಾಳಾ?"

ಅತ್ತೆ ನನ್ನ ಕಡೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಾ, ನನ್ನ ಕೈಯನ್ನು ಮಾತ್ರ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಸಿಡಿಮಿಡಿ ಏನ್ ಬಂತು ಸರೋಜಾ. ದಣಿದಿರ್ತಾಳೆ ಮಗು, ಅಷ್ಟೇ."

ಆ ಕಡೆಯಿಂದ ಸರೋಜಮ್ಮ ಏನೋ ಅಂದರು. ಅತ್ತೆ ಎಡಗಿವಿಯನ್ನು ನನ್ನತ್ತ ವಾಲಿಸಿ ಕಾಯುತ್ತಿದ್ದರು. ನಾನು ಇನ್ನಷ್ಟು ಹತ್ತಿರ ಸರಿದು, ನನ್ನದೇನೂ ಸೇರಿಸದೆ ಹಂಗಂಗೇ ಹೇಳಿದೆ.