ಅಲಸಂಡೆ ನಮ್ಮದೇ

ಪೊಲೀಸರನ್ನು ಕಂಡರೆ, ಹೆಲ್ಮೆಟ್ ಹಾಕಿಕೊಂಡಿದ್ದರೂ ತಲೆ ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಯಾರಾದರೂ ಪರಿಶೀಲನೆಗೆ ಬರುತ್ತಾರೆಂದರೆ ಸಾಕು, ಮಾಡದ ತಪ್ಪನ್ನು ಹುಡುಕಲು ಶುರುಮಾಡುತ್ತೇನೆ.

ಪುತ್ತೂರಿನಲ್ಲಿ ನಾವು ಕೃಷಿಕರೇ ಸೇರಿ ನಡೆಸುವ ಭಾನುವಾರದ ಸಂತೆಯಲ್ಲಿ ನಾನೂ ತರಕಾರಿ ಮಾರುತ್ತೇನೆ. ತಾನು ಬೆಳೆದದ್ದನ್ನೇ ಮಾರಬೇಕು; ಬೇರೆ ಕಡೆಯಿಂದ ತಂದು ಮಾರಿದರೆ ಜಾಗ ಹೋಯಿತು. ಕಳೆದ ತಿಂಗಳು ಸಂತೆ ಸಮಿತಿಯ ಲಲಿತಕ್ಕ ಫೋನ್ ಮಾಡಿದರು. "ನಿಮ್ಮ ಅಲಸಂಡೆ ಭಾರೀ ಚಂದ ಉಂಟು, ಘಟ್ಟದ ಮೇಲಿಂದ ಲಾರಿಯಲ್ಲಿ ಬಂದದ್ದು ಅಂತ ಯಾರೋ ದೂರು ಕೊಟ್ಟಿದ್ದಾರೆ. ನಾಡಿದ್ದು ಬೆಳ್ಳಾರೆಗೆ, ನಿಮ್ಮ ಮನೆಗೇ ಬಂದು ತೋಟ ನೋಡ್ತೇನೆ."

ಮಧ್ಯಾಹ್ನದ ಗಂಜಿ ಅರ್ಧಕ್ಕೇ ಬಿಟ್ಟು ಎದ್ದೆ. "ನಾವೇ ಬೆಳೆದದ್ದಲ್ವಾ? ಹೆದರುದು ಎಂತಕ್ಕೆ?" ಎಂದಳು ಹೆಂಡತಿ ಸರೋಜ. ಬೆಳೆಯುವುದು ಸುಲಭ, ನಂಬಿಸುವುದು ಹೇಗೆ? ಸಂತೆಯ ಜಾಗ ಹೋದರೆ ಹೋಗಲಿ, ಊರಿಡೀ ಕಳ್ಳ ಎನ್ನುತ್ತದಲ್ಲ! ಆ ಹೆದರಿಕೆಯಲ್ಲೇ ಸಾಲುಗಳ ಕಳೆ ಕಿತ್ತೆ, ತೂತು ಬಿದ್ದ ಎಲೆಗಳನ್ನೆಲ್ಲ ಚಿವುಟಿದೆ, ಸೊಟ್ಟ ಕಾಯಿ, ಹುಳ ತಿಂದ ಕಾಯಿ ಎಲ್ಲ ಆರಿಸಿ ದನದ ಹಟ್ಟಿಯ ಹಿಂದೆ ರಾಶಿ ಹಾಕಿ ತೆಂಗಿನ ಮಡಲು ಮುಚ್ಚಿದೆ. ಕೊನೆಗೆ ಅಂಗಳದ ಹಾಗೆ ಗುಡಿಸಿಯೂ ಬಿಟ್ಟೆ. "ಮದುವೆ ಉಂಟಾ ಇಲ್ಲಿ?" ಎಂದಳು ಸರೋಜ.

ಲಲಿತಕ್ಕ ಬಂದವರು ಸಾಲಿನಿಂದ ಸಾಲಿಗೆ ನಡೆದಂತೆ ಅವರ ಮುಖ ಬಿಗಿಯಾಯಿತು. "ಒಂದು ಎಲೆಯಲ್ಲೂ ತೂತಿಲ್ಲ. ವಾರ ವಾರ ಇಲ್ಲಿಂದಲೇ ಕೊಯ್ಯುದಾ?"

"ಹೌದು" ಎಂದೆ. ನನ್ನ ಸ್ವರ ನನಗೇ ಸುಳ್ಳಿನ ಹಾಗೆ ಕೇಳಿಸಿತು.

"ಮತ್ತೆ ಬೆವರುದು ಎಂತಕ್ಕೆ?"

"ಸೆಕೆ." ಚಳಿ ಹಿಡಿಯುವಂಥ ಗಾಳಿ ಬೀಸುತ್ತಿತ್ತು.

"ಇದು ನಮಗೆ ತೋರಿಸ್ಲಿಕ್ಕೆ ಮಾಡಿದ ತೋಟದ ಹಾಗೆ ಉಂಟು ಮಾರಾಯ್ರೆ. ಜಾಗ ಕೊಡುದು ಕಷ್ಟ."

ಸರೋಜ ತಡೆಯಲಾರದೆ ಲಲಿತಕ್ಕನ ಕೈ ಹಿಡಿದು ಹಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಮಡಲು ಸರಿಸಿದಳು. ಜರಡಿಯಂಥ ಎಲೆಗಳು, ಕುಡುಗೋಲಿನಂತೆ ಬಾಗಿದ ಕಾಯಿಗಳು, ಹುಳಗಳ ಸಂಸಾರ. ಲಲಿತಕ್ಕನ ಮುಖ ಅರಳಿತು. "ಇದಲ್ವಾ ತೋಟ! ಇದನ್ನು ಅಡಗಿಸಿದ್ದು ಎಂತಕ್ಕೆ?"

ಜಾಗ ಉಳಿಯಿತು. ಅಷ್ಟಕ್ಕೇ ಬಿಡದೆ, "ಹೆದರುವವರ ಕಷ್ಟ ನಿಮಗೆ ಗೊತ್ತುಂಟಲ್ಲ" ಎಂದು ನನ್ನನ್ನೂ ತೋಟ ನೋಡುವವರ ಗುಂಪಿಗೆ ಸೇರಿಸಿದರು. ಮೊದಲ ಪಾಳಿ ಕಲ್ಲುಗುಂಡಿಯ ಜಯರಾಮನ ಬೆಂಡೆ. ನಿನ್ನೆ ಅವನೇ ಫೋನ್ ಮಾಡಿದ. ಸ್ವರ ನಡುಗುತ್ತಿತ್ತು. "ಅಣ್ಣ, ನಾನೇ ಬೆಳೆದದ್ದು, ದೇವರಾಣೆ. ಎಂತಾದರೂ ತಯಾರಿ ಮಾಡ್ಬೇಕಾ?"

"ಎಂತದೂ ಬೇಡ, ಇದ್ದ ಹಾಗೇ ಇರಲಿ" ಎಂದು ಧೈರ್ಯ ಹೇಳಿದೆ. ಫೋನ್ ಇಟ್ಟು ಸರೋಜನಿಗೆ ಮೆಲ್ಲಗೆ ಹೇಳಿದೆ: "ಇವನದ್ದು ಏನೋ ಉಂಟು. ಇಲ್ಲದಿದ್ದರೆ ಇಷ್ಟು ಹೆದರುದು ಎಂತಕ್ಕೆ?"