ಗುಂಡಿ ಬಿದ್ದಿದೆ, ಹಾಕಿಸಿಕೊಡಿ

ಅಂಗಿಗೆ ಒಂದು ಗುಂಡಿ ಹಾಕಲು ಐದು ರೂಪಾಯಿ. ಪ್ಯಾಂಟಿನದಾದರೆ ಎಂಟು, ಏಕೆಂದರೆ ಗಿರಾಕಿ ಸೊಂಟ ಹಿಡಿದುಕೊಂಡು ಅಲ್ಲೇ ನಿಂತು ಅವಸರ ಮಾಡುತ್ತಾನೆ. ಕೋಟಿನದು ಹತ್ತು. ರಸ್ತೆಯ ಗುಂಡಿಗೆ ಮಾತ್ರ ಎಷ್ಟು ಬೀಳುತ್ತದೆಂದು ದರ್ಜಿಗೆ ಗೊತ್ತಿರಲಿಲ್ಲ. ಅದು ಆರು ತಿಂಗಳಿಂದ ಅವನ ಅಂಗಡಿಯ ಬಾಗಿಲಿಗೆ ಸರಿಯಾಗಿ, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆರೆದುಕೊಂಡಿತ್ತು.

ಬಲಕ್ಕೆ ಕರೆಂಟು ಕಂಬ, ಎಡಕ್ಕೆ ಚರಂಡಿ. ಒಳಗೆ ಬರಬೇಕಾದರೆ ಗುಂಡಿ ಹಾರಲೇಬೇಕು. ಹಾರಬಲ್ಲ ವಯಸ್ಸಿನವರು ಹರಿದ ಬಟ್ಟೆ ತರುತ್ತಿದ್ದರು. ಹೊಸ ಬಟ್ಟೆ ಹೊಲಿಸುವ ವಯಸ್ಸಿನವರು ಹಾರುತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಶಾಲೆಯ ದೊಡ್ಡ ಮಿಸ್ ಫೋನ್ ಮಾಡಿದರು.

"ಮುನ್ನೂರು ಮಕ್ಕಳ ಸಮವಸ್ತ್ರ ಇದೆ. ಸಂಜೆ ನಾಲ್ಕಕ್ಕೆ ಬರ್ತೀನಿ. ಆ ಗುಂಡಿ ಇದ್ರೆ ಕಾರಿಂದ ಇಳಿಯೋದೇ ಇಲ್ಲ. ಹಾಗೇ ಮುಂದಿನ ಬೀದಿ ದರ್ಜಿ ಹತ್ರ ಹೋಗ್ತೀನಿ."

ದರ್ಜಿಯ ಕೈಯಲ್ಲಿದ್ದ ಸೂಜಿ ಬೆರಳಿಗೇ ಇಳಿಯಿತು. ಮುನ್ನೂರು ಎಂದರೆ ಎರಡು ವರ್ಷದ ಬಾಡಿಗೆ.

"ನಾವೇ ಒಂದಿಷ್ಟು ಕಲ್ಲು ಮಣ್ಣು ಹಾಕಿ ಮುಚ್ಚೋಣ ಕಣ್ರೀ," ಎಂದಳು ಹೆಂಡತಿ.

"ಅಯ್ಯೋ ಅತ್ತಿಗೆ, ಮುಟ್ಟಬೇಡಿ!" ಪಕ್ಕದ ಅಂಗಡಿಯ ಕ್ಷೌರಿಕ ಗಿರಾಕಿಯ ಅರ್ಧ ಮೀಸೆ ಬಿಟ್ಟು ಓಡಿಬಂದ. "ನಗರಸಭೆ ರಸ್ತೆ ಅದು. ಹೋದ ವರ್ಷ ಟೀ ಅಂಗಡಿ ಅಕ್ಕ ಒಂದು ಬುಟ್ಟಿ ಮಣ್ಣು ಸುರಿದು ದಂಡ ಕಟ್ಟಿದ್ದು ಮರೆತ್ರಾ? ಇವತ್ತು ಹನ್ನೊಂದಕ್ಕೆ ಸಭೆ ಇದೆ. ಅರ್ಜಿ ಬರೀರಿ ಅಣ್ಣ."

ಕಾಗದ ಸಿಗಲಿಲ್ಲ. ಕತ್ತರಿಯ ಚಿತ್ರವಿದ್ದ ಬಿಲ್ಲಿನ ಹಾಳೆಯಲ್ಲೇ ದರ್ಜಿ ಬರೆದ: 'ಮಾನ್ಯರೇ, ಗುಂಡಿ ಬಿದ್ದು ಆರು ತಿಂಗಳಾಯಿತು. ಸಾರ್ವಜನಿಕರ ಮಾನ ಪ್ರಾಣ ಎರಡಕ್ಕೂ ಅಪಾಯವಿದೆ. ದಯವಿಟ್ಟು ಇವತ್ತೇ ಗುಂಡಿ ಹಾಕಿಸಿಕೊಡಿ.'

ಬೇರೆ ಯಾರಾದರೂ ಆಗಿದ್ದರೆ 'ಮುಚ್ಚಿಸಿಕೊಡಿ' ಎಂದು ಬರೆಯುತ್ತಿದ್ದರು. ಇಪ್ಪತ್ತು ವರ್ಷ ಗುಂಡಿ ಹಾಕಿದ ಕೈ ತಾನಾಗಿ 'ಹಾಕಿಸಿ' ಎಂದು ಬರೆಯಿತು.

ಆ ವಾರ್ಡಿನ ಸದಸ್ಯರಿಗೆ 'ಆಯ್ತು ಅಂದ್ಕೊಳ್ಳಿ' ಎಂದೇ ಹೆಸರು. ಅರ್ಜಿಯನ್ನು ಓದದೆ ಜೇಬಿಗೆ ಹಾಕಿಕೊಂಡು, "ಆಯ್ತು ಅಂದ್ಕೊಳ್ಳಿ," ಎಂದು ಸಭೆಗೆ ಹೋದರು.

ಅವರು 'ಆಯ್ತು' ಎಂದದ್ದು ಯಾವುದೂ ಇದುವರೆಗೆ ಆಗಿರಲಿಲ್ಲ. ಆದರೆ ಒಂದು ಗಂಟೆಗೆ ಫೋನ್ ಬಂತು. "ಪಾಸಾಯ್ತು ರೀ! ಸುರಕ್ಷತೆ ಬಾಬ್ತಲ್ಲಿ ದುಡ್ಡು ಉಳಿದಿತ್ತು. ವರ್ಷದ ಕೊನೇ ದಿನ ನೋಡಿ, ಇವತ್ತು ಖರ್ಚಾಗದಿದ್ರೆ ವಾಪಸ್ ಹೋಗುತ್ತೆ. ಒಬ್ರೂ ವಿರೋಧ ಮಾಡ್ಲಿಲ್ಲ. ಮೂರಕ್ಕೆ ಮಾಲು ಬರುತ್ತೆ."

ಬೀದಿಗೆ ಬೀದಿಯೇ ಕುಣಿಯಿತು. ದರ್ಜಿ ಹಿಗ್ಗಿ ಹದಿನಾಲ್ಕು ಜನರಿಗೆ ಟೀ ಹೇಳಿದ. ಅದರಲ್ಲಿ ಆರು ಜನರನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಮೂರೂವರೆಗೆ ನಗರಸಭೆಯ ಪುಟ್ಟ ಲಾರಿ ಬಂತು. ಎಲ್ಲರೂ ಜಲ್ಲಿಗಾಗಿ, ಡಾಂಬರಿಗಾಗಿ ಕತ್ತು ಉದ್ದ ಮಾಡಿದರು. ಡ್ರೈವರ್ ಮೂರು ಮೂಟೆ ತೋರಿಸಿ, "ತಗೊಳ್ಳಿ, ಸಹಿ ಮಾಡಿ," ಎಂದ.

ದರ್ಜಿ ಒಂದು ಮೂಟೆಯ ಬಾಯಿ ಬಿಚ್ಚಿದ. ಒಳಗೆ ಗುಂಡಿಗಳು. ಬಿಳಿ, ಕಪ್ಪು, ಕಂದು. ಎರಡು ತೂತಿನವು, ನಾಲ್ಕು ತೂತಿನವು.

"ಏನಯ್ಯಾ ಇದು?"

"ನೀವೇ ಬರೆದಿದ್ರಲ್ಲ, ಗುಂಡಿ ಬಿದ್ದಿದೆ, ಮಾನಕ್ಕೆ ಅಪಾಯ ಅಂತ? ಗುಂಡಿ ಬಿದ್ರೆ ಸುರಕ್ಷತೆಗೇನು ಅಂತ ಒಬ್ಬರು ಕೇಳಿದ್ರಂತೆ. ನಿಮ್ಮ ಪ್ಯಾಂಟಿಂದು ಬೀಳಲಿ, ಗೊತ್ತಾಗುತ್ತೆ ಅಂದ್ರಂತೆ ಅಧ್ಯಕ್ಷರು. ತಕ್ಷಣ ಪಾಸು."

"ನಾನು ಹೇಳಿದ್ದು ಈ ಗುಂಡಿ ಕಣಯ್ಯಾ!" ದರ್ಜಿ ರಸ್ತೆಗೆ ಬೆರಳು ಮಾಡಿ ಕೂಗಿದ. "ಸಹಿ ಗಿಹಿ ಏನೂ ಮಾಡಲ್ಲ. ವಾಪಸ್ ತಗೊಂಡು ಹೋಗು!"

"ಹೋಗ್ತೀನಿ ಬಿಡಿ, ನನಗೇನು," ಎಂದು ಡ್ರೈವರ್ ಸಿಟ್ಟಿನಲ್ಲಿ ಗಾಡಿ ಹಿಂದಕ್ಕೆ ತೆಗೆದ. ಹಿಂದಿನ ಚಕ್ರ ಸೀದಾ ಗುಂಡಿಗೆ ಇಳಿಯಿತು. ಲಾರಿ ವಾಲಿತು. ಮೂಟೆಗಳು ಉರುಳಿ ಒಡೆದವು. ಹದಿನಾಲ್ಕು ಟೀಯ ಋಣದವರು ಸೇರಿ ಗಾಡಿಯನ್ನು ಮೇಲಕ್ಕೆ ತಳ್ಳಿದ್ದೇ ತಡ, ಗುಂಡಿಗಳೆಲ್ಲ ಜರಜರನೆ ಗುಂಡಿಯೊಳಗೆ ಇಳಿದು, ಅಳತೆ ಕೊಟ್ಟು ಹೊಲಿಸಿದ ಹಾಗೆ ಅಂಚಿಗೆ ಸಮನಾಗಿ ತುಂಬಿಕೊಂಡವು.

ಎಲ್ಲರೂ ಬಗ್ಗಿ ನೋಡಿದರು.

"ಅಣ್ಣ," ಎಂದ ಕ್ಷೌರಿಕ ಮೆಲ್ಲಗೆ, "ಗುಂಡಿ ಮುಚ್ಚಿತು."

"ನಾನು ಬೇರೆ ಖಾಲಿ ಚೀಲ ತರ್ತೀನಿ, ಯಾರೂ ಮುಟ್ಟಬೇಡಿ," ಎಂದು ಡ್ರೈವರ್ ಹೋದ. ಕ್ಷೌರಿಕ ತನ್ನ ಅಂಗಡಿಯ ಚಾಪೆ ತಂದು ಮೇಲೆ ಹಾಸಿದ. ಆಗಲೇ ದೊಡ್ಡ ಮಿಸ್‌ರ ಕಾರು ಬಂದು ನಿಂತಿತು.

ಅವರು ಒಂದು ಕಾಲಿಟ್ಟು ನೋಡಿದರು. ಇನ್ನೊಂದು ಕಾಲಿಟ್ಟರು. ಒಳಗಿಂದ ಸ್ವಲ್ಪ ಕಟಕಟ ಸದ್ದು ಬಂತು, ಅಷ್ಟೇ.

"ಪರವಾಗಿಲ್ವೇ! ನಗರಸಭೆ ಒಳ್ಳೆ ಕೆಲಸ ಮಾಡಿದೆ."

"ನಮ್ಮ ಕೈಲಾದಷ್ಟು ಓಡಾಡಿದ್ವಿ ಮೇಡಂ," ಎಂದ ದರ್ಜಿ, ಚಾಪೆಯ ಅಂಚಿನಿಂದ ಇಣುಕಿದ ಒಂದು ಗುಂಡಿಯನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತ.

ಒಳಗೆ ಮಾತುಕತೆ ಮುಕ್ಕಾಲು ಗಂಟೆ ನಡೆಯಿತು. ಬಟ್ಟೆ, ಬಣ್ಣ, ತೋಳಿನ ಉದ್ದ, ಜೇಬು ಒಂದೋ ಎರಡೋ. ಕೊನೆಗೆ ಮಿಸ್ ಎದ್ದರು. "ಸರಿ, ನಿಮಗೇ ಕೊಟ್ಟೆ. ಮುಂಗಡದ ಚೆಕ್ ಕಾರಲ್ಲಿದೆ, ತರ್ತೀನಿ ಇರಿ."

ಅಷ್ಟರಲ್ಲಿ ಡ್ರೈವರ್ ಚೀಲ, ಸಲಿಕೆ ಹಿಡಿದು ಬಂದು ಹೋಗಿಯೂ ಆಗಿತ್ತು. ಸಹಿಯಿಲ್ಲದೆ ಒಂದು ಗುಂಡಿ ಬಿಟ್ಟುಹೋದರೂ ಅವನ ಸಂಬಳಕ್ಕೆ ಕತ್ತರಿ. ಹಾಗಾಗಿ ಒಂದೂ ಬಿಡದೆ ಕೆರೆದು ತುಂಬಿಕೊಂಡಿದ್ದ. ಕ್ಷೌರಿಕ ತಡೆಯುತ್ತಿದ್ದನೋ ಏನೋ, ಆ ಅರ್ಧ ಮೀಸೆಯವನು ಬೆಳಿಗ್ಗೆಯಿಂದ ಕಾದು ಅವನನ್ನು ಕೊರಳಪಟ್ಟಿ ಹಿಡಿದು ಒಳಗೆ ಎಳೆದುಕೊಂಡು ಹೋಗಿದ್ದ. ಡ್ರೈವರ್ ಅಚ್ಚುಕಟ್ಟಿನ ಮನುಷ್ಯ. ಹೋಗುವ ಮುಂಚೆ ಚಾಪೆಯನ್ನು ಮೊದಲಿದ್ದ ಹಾಗೆಯೇ, ಸುಕ್ಕಿಲ್ಲದೆ, ಹಾಸಿ ಹೋಗಿದ್ದ.

ದೊಡ್ಡ ಮಿಸ್ ಧೈರ್ಯವಾಗಿ ಚಾಪೆಯ ಮೇಲೆ ಕಾಲಿಟ್ಟರು.

ದಡಕ್ ಎಂದಿತು. ಮಿಸ್ ಅರ್ಧ ಮಾತ್ರ ಕಾಣುತ್ತಿದ್ದರು, ಸುತ್ತ ಚಾಪೆ ಲಂಗದ ಹಾಗೆ ನಿಂತಿತ್ತು.

ಎಲ್ಲರೂ ಓಡಿಬಂದರು. ಮಿಸ್ ತಮ್ಮ ಕೋಟು ತಡವಿ ನೋಡಿಕೊಂಡು ಗುಡುಗಿದರು: "ಗುಂಡಿ ಬಿದ್ದಿದೆ!"

"ಇಲ್ಲ ಮಿಸ್, ಬಿದ್ದಿರೋದು ನೀವು," ಎಂದ ಕ್ಷೌರಿಕ.

ದರ್ಜಿ ಅವರನ್ನು ಮೇಲೆತ್ತಿ, ಒಳಗೆ ಕೂರಿಸಿ, ಕೋಟಿಗೆ ಗುಂಡಿ ಹಾಕಿಕೊಟ್ಟ. ಅವರು ಚೆಕ್ ಕೊಡದೆ ಕಾರು ಹತ್ತಿದರು. ಕಾರು ಮುಂದಿನ ಬೀದಿಗೆ ತಿರುಗಿತು.

ಫೋನ್ ಹೊಡೆದುಕೊಂಡಿತು. ಸದಸ್ಯರು.

"ಸಹಿ ಮಾಡದೆ ವಾಪಸ್ ಕಳಿಸಿದ್ರಂತೆ? ಗುಂಡಿ ಕೊಟ್ಟೆವು, ಅರ್ಜಿದಾರರು ಬೇಡ ಅಂದ್ರು ಅಂತ ಬರೆದು ಫೈಲು ಮುಚ್ಚಿಬಿಟ್ಟಿದ್ದಾರೆ. ಇನ್ನು ಒಂದು ವರ್ಷ ನೀವು ಗುಂಡಿ ವಿಷ್ಯ ಎತ್ತೋ ಹಾಗಿಲ್ಲ."

"ಫೈಲು ಮುಚ್ಚಿದ್ರು, ಗುಂಡಿ?"

"ಅದೂ ಆಯ್ತು ಅಂದ್ಕೊಳ್ಳಿ."

ಆ ದಿನ ಹೋದದ್ದು ಮುನ್ನೂರು ಸಮವಸ್ತ್ರ, ಹದಿನಾಲ್ಕು ಟೀ, ಒಂದು ಚಾಪೆ. ಬರಬೇಕಾದದ್ದು ಒಂದು ಕೋಟಿನ ಗುಂಡಿಯ ಕೂಲಿ ಹತ್ತು ರೂಪಾಯಿ. ಅದನ್ನು ಕೇಳಲು ದರ್ಜಿಗೆ ಬಾಯಿ ಬರಲಿಲ್ಲ.